ಅಳಿಸಿದರೂ ಉಳಿದ ರೆಕ್ಕೆ

ಹಾಲೆಂಡ್ ಬೆಟ್ಟಗಳಿಲ್ಲದ ತಗ್ಗುನಾಡು. ಆ ನಾಡಿನಲ್ಲಿ ಹುಟ್ಟಿ, ಕಡಿದಾದ ಬಂಡೆಗಳನ್ನೂ ನಿರ್ಜನವಾದ ಕಣಿವೆಗಳನ್ನೂ ತಾಮ್ರದ ತಗಡಿನ ಮೇಲೆ ಕೊರೆದವನು ಹರ್ಕ್ಯುಲೀಸ್ ಸೇಗರ್ಸ್. ಸುಮಾರು 1590ರಲ್ಲಿ ಹಾರ್ಲೆಮ್ಮಿನಲ್ಲಿ ಜನಿಸಿದ ಈತನು ಆಮ್‌ಸ್ಟರ್‌ಡ್ಯಾಮಿನಲ್ಲಿ ಗಿಲ್ಲಿಸ್ ವಾನ್ ಕೊನಿಂಕ್ಸ್‌ಲೋ ಎಂಬ ನಿಸರ್ಗಚಿತ್ರಕಾರನಲ್ಲಿ ಶಿಷ್ಯವೃತ್ತಿ ಮಾಡಿ, 1612ರಲ್ಲಿ ಹಾರ್ಲೆಮ್ಮಿನ ಚಿತ್ರಕಾರರ ಸಂಘವನ್ನು ಸೇರಿದನು.

ಎಚಿಂಗ್ ಕಲೆಯಲ್ಲಿ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲಕ್ಕೆ ಒಡ್ಡುತ್ತಾರೆ. ಗೀರಿದೆಡೆಯಲ್ಲಿ ತಾಮ್ರವು ಕರಗಿ ಗೆರೆ ಮೂಡುತ್ತದೆ. ಅದರಲ್ಲಿ ಮಸಿ ತುಂಬಿ ಕಾಗದವನ್ನು ಒತ್ತಿದರೆ ಒಂದೇ ಚಿತ್ರದ ಹಲವಾರು ಪ್ರತಿಗಳು ದೊರೆಯುತ್ತವೆ. ಸೇಗರ್ಸನಿಗೆ ಈ ಏಕರೂಪತೆಯೇ ಒಗ್ಗಲಿಲ್ಲ. ಬಣ್ಣದ ಮಸಿಯಿಂದ, ಬಣ್ಣ ಬಳಿದ ಕಾಗದದ ಮೇಲೆ, ಕೆಲವೊಮ್ಮೆ ಬಟ್ಟೆಯ ಮೇಲೂ ಅಚ್ಚು ತೆಗೆದು, ಮತ್ತೆ ಕುಂಚವನ್ನು ಆಡಿಸಿದನು. ಹೀಗೆ ಪ್ರತಿಯೊಂದು ಅಚ್ಚೂ ಬೇರೆಯೇ ಚಿತ್ರವಾಯಿತು.

1619ರಲ್ಲಿ ಆತ ಆಮ್‌ಸ್ಟರ್‌ಡ್ಯಾಮಿನಲ್ಲಿ ದೊಡ್ಡ ಮನೆಯೊಂದನ್ನು ಕೊಂಡನು. ಅದರ ಕಿಟಕಿಯಿಂದ ಕಂಡ ನೋಟವನ್ನೂ ಕೊರೆದಿಟ್ಟನು. ಆದರೆ ಸಾಲ ಬೆಳೆಯಿತು, ಮನೆ ಕೈಬಿಟ್ಟಿತು. 1631ರಲ್ಲಿ ಯೂಟ್ರೆಕ್ಟಿಗೂ ಅನಂತರ ಹೇಗ್ ನಗರಕ್ಕೂ ತೆರಳಿದನು. ಹಡಗನ್ನು ಕೊರೆದಿದ್ದ ದೊಡ್ಡ ತಗಡನ್ನು ತುಂಡರಿಸಿ ಆತ ಬೇರೆ ಚಿತ್ರಗಳಿಗೆ ಬಳಸಿದ್ದುಂಟು. ಆ ನಿಸರ್ಗಚಿತ್ರಗಳ ಆಕಾಶದಲ್ಲಿ ಹಡಗಿನ ಹಗ್ಗಗಳು ಇಂದಿಗೂ ಕಾಣುತ್ತವೆ. 1640ರ ವೇಳೆಗೆ ಆತನು ಗತಿಸಿದ್ದನು. ಆತನ ಚಿತ್ರಗಳು ಬೆಣ್ಣೆ, ಸಾಬೂನು ಕಟ್ಟುವ ಕಾಗದವಾದುವೆಂದು 1678ರಲ್ಲಿ ಸ್ಯಾಮ್ಯುಯೆಲ್ ವಾನ್ ಹೂಗ್‌ಸ್ಟ್ರಾಟನ್ ಬರೆದನು.

ಆತನ ಬೆಲೆಯನ್ನು ಅರಿತವನು ರೆಂಬ್ರಾಂಟ್. ಸೇಗರ್ಸನ ತಗಡೊಂದು ಅವನ ಕೈಸೇರಿತು. ದೇವದೂತನೊಡನೆ ನಡೆವ ಟೋಬಿಯಾಸನ ಚಿತ್ರವದು. ಆ ಕಲ್ಪನೆಯೂ ಸೇಗರ್ಸನದಲ್ಲ; ಎಲ್ಸ್‌ಹೈಮರನ ವರ್ಣಚಿತ್ರವನ್ನು ಅನುಸರಿಸಿ ಗೌಟ್ ಎಂಬವನು 1613ರಲ್ಲಿ ಕೆತ್ತಿದ್ದ ಅಚ್ಚಿನಿಂದ ಬಂದದ್ದು. ಸುಮಾರು 1653ರಲ್ಲಿ ರೆಂಬ್ರಾಂಟನು ಆ ಎರಡು ಆಕೃತಿಗಳನ್ನು ಉಜ್ಜಿ ಅಳಿಸಿ, ಮರಗಳನ್ನು ಬೆಳೆಸಿ, ಈಜಿಪ್ಟಿಗೆ ಪಲಾಯನ ಮಾಡುವ ಪುಟ್ಟ ಪವಿತ್ರ ಕುಟುಂಬವನ್ನು ನಿಲ್ಲಿಸಿದನು. ಸೇಗರ್ಸನ ನೆಲವನ್ನು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡನು.

ಇದು ಅಪಹರಣವೋ, ಗೌರವವೋ? 1656ರಲ್ಲಿ ದಿವಾಳಿಯಾದ ರೆಂಬ್ರಾಂಟನ ಆಸ್ತಿಪಟ್ಟಿಯಲ್ಲಿ ಸೇಗರ್ಸನ ಎಂಟು ವರ್ಣಚಿತ್ರಗಳಿದ್ದುವು. ಅಷ್ಟು ಮೆಚ್ಚಿದವನ ಕೈ ನಾಶಕ್ಕಾಗಿ ಚಾಚಿರಲಾರದು. ಇಂದು ಸೇಗರ್ಸನ 54 ತಗಡುಗಳಿಂದ ಮೂಡಿದ ಸುಮಾರು 180 ಅಚ್ಚುಗಳಷ್ಟೇ ಉಳಿದಿವೆ. ರೆಂಬ್ರಾಂಟನ ಮರಗಳ ಎಲೆಗಳ ನಡುವೆ ಕಣ್ಣಿಟ್ಟು ನೋಡಿದರೆ, ಅಳಿಸಿಯೂ ಅಳಿಯದ ದೇವದೂತನ ರೆಕ್ಕೆ ಕಾಣುತ್ತದೆ.