ತೇಪೆ ಹಾಕಿದ ಚಿಪ್ಪು
ಅಕ್ವೇರಿಯಂನ ಒಡೆದ ಗಾಜು ಬದಲಿಸಿ, ಹಳೇ ಸಿಲಿಕೋನ್ ಕೆರೆದು ಹೊಸದು ಹಚ್ಚಿ, ಒಣಗಲಿ ಅಂತ ಕಾಯುವಾಗ ನಮಗೆ ನೆನಪಾಗೋದು ಜೀನ್ ವಿಲ್‌ಪ್ರೂ-ಪವರ್. 1794ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಬಟ್ಟೆ ಹೊಲೀತಿದ್ದವರು. ಡಿಗ್ರಿ ಇರಲಿಲ್ಲ. ಮದುವೆಯಾಗಿ ಸಿಸಿಲಿಯ ಮೆಸ್ಸಿನಾಕ್ಕೆ ಹೋದಮೇಲೆ ಕಡಲ ಜೀವಿಗಳ ಹುಚ್ಚು ಹತ್ತಿತು. ಆಕ್ಟೋಪಸ್ ಬಳಗದ ಆರ್ಗೊನಾಟ್ ತನ್ನ ಚಿಪ್ಪನ್ನು ತಾನೇ ಕಟ್ಟುತ್ತಾ, ಬೇರೆ ಜೀವಿಯಿಂದ ಕದಿಯುತ್ತಾ? ಆಗಿನ ವಿಜ್ಞಾನಿಗಳಿಗೆ ಇದೇ ಜಗಳ. ಬದುಕಿರುವಾಗಲೇ ನೋಡೋಣ ಅಂತ ಇವರು 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿದರು. ಚಿಪ್ಪನ್ನು ಬೇಕಂತಲೇ ಒಡೆದು ಕಾದರು. ಆರ್ಗೊನಾಟ್ ತಾನೇ ತೇಪೆ ಹಾಕಿಕೊಂಡಿತು! 1838ರಲ್ಲಿ ಹಡಗು ಮುಳುಗಿ ಅವರ ಸಂಗ್ರಹದ ಬಹುಪಾಲು ನೀರುಪಾಲಾಯಿತು, 1871ರಲ್ಲಿ ತೀರಿಕೊಂಡರು. ಗಾಜಿನ ತೊಟ್ಟಿ ಮಾತ್ರ ಉಳಿಯಿತು. ಸಿಲಿಕೋನ್ ಪೂರ್ತಿ ಒಣಗೋ ಮುಂಚೆ ನೀರು ತುಂಬಬೇಡಿ. ಕಾಯೋದನ್ನ ಅವರಿಂದಲೇ ಕಲಿಯೋಣ.