ವಿರಹದ ದನಿ: ಉಸ್ತಾದ್ ಅಬ್ದುಲ್ ಕರೀಂ ಖಾನ್

ಪ್ರೀತಿ ಕಳೆದುಕೊಂಡವರ ಹಾಡು ಇಂದು ಎಲ್ಲರ ಮೊಬೈಲಿನಲ್ಲೂ ಇದೆ. ಸುಮಾರು ನೂರು ವರ್ಷದ ಹಿಂದೆ ಇಂಥ ಹಾಡನ್ನು ಮೆಲುದನಿಯಲ್ಲಿ ಹಾಡಿ ಊರೂರಿಗೆ ಮುಟ್ಟಿಸಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್.

1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ, ಸಂಗೀತಗಾರರ ಮನೆತನದಲ್ಲಿ ಅವರು ಹುಟ್ಟಿದರು. ಕಿರಾಣಾ ಘರಾಣೆಗೆ ಹೆಸರು ಬಂದದ್ದು ಆ ಊರಿನಿಂದಲೇ. ತರುಣರಾಗಿದ್ದಾಗ ಬರೋಡಾ ಆಸ್ಥಾನದಲ್ಲಿ ಗಾಯಕರಾದರು. ಅಲ್ಲಿ ಸರದಾರ್ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಸಂಗೀತ ಕಲಿಸುತ್ತಿದ್ದರು. ಗುರು ಮುಸ್ಲಿಂ, ಶಿಷ್ಯೆ ರಾಜಮನೆತನದ ನೆಂಟಸ್ತಿಕೆಯುಳ್ಳ ಮರಾಠಾ ಹುಡುಗಿ. ಆ ಕಾಲದಲ್ಲಿ ಒಪ್ಪುವವರು ಯಾರು? ಇಬ್ಬರೂ ಬರೋಡಾ ಬಿಟ್ಟು ಮುಂಬೈ ಸೇರಿದರು. ಐವರು ಮಕ್ಕಳಾದರು. 1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು.

1922ರಲ್ಲಿ ತಾರಾಬಾಯಿ ಮಕ್ಕಳೊಂದಿಗೆ ಅವರಿಂದ ದೂರವಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರಹಮಾನ್ ಸುರೇಶಬಾಬು ಮಾನೆಯಾದರು. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಎಂದು, ಸಕೀನಾ ಸರಸ್ವತಿ ರಾಣೆ ಎಂದು ಪ್ರಸಿದ್ಧರಾದರು. ಮೂವರೂ ಹಾಡಿದ್ದು ತಂದೆಯ ಘರಾಣೆಯನ್ನೇ, ಆದರೆ ಹೆಸರಿನಲ್ಲಿ ತಂದೆ ಇರಲಿಲ್ಲ. ತಪ್ಪು ಯಾರದು ಎಂದು ಇಷ್ಟು ದೂರದಿಂದ ನಾವು ತೀರ್ಪು ಹೇಳುವುದು ಸರಿಯಲ್ಲ. ಐವರು ಮಕ್ಕಳಿದ್ದ ಮನೆ ಒಮ್ಮೆಲೇ ಖಾಲಿಯಾಯಿತು ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ಉಳಿಯುತ್ತದೆ.

ಮುಂದೆ ಮಿರಜ್ ಅವರ ಊರಾಯಿತು. ನಮ್ಮ ಕಮಲನಗರದಲ್ಲಿ ಉರ್ದು, ಮರಾಠಿ, ಕನ್ನಡ ಒಟ್ಟಿಗೆ ಕೇಳುವಂತೆ ಅವರ ಸಂಗೀತದಲ್ಲೂ ಹಲವು ಭಾಷೆಗಳಿದ್ದವು. ಮರಾಠಿ ನಾಟ್ಯಗೀತೆ ಹಾಡಿದರು, ತ್ಯಾಗರಾಜರ ತೆಲುಗು ಕೃತಿಯನ್ನೂ ರೆಕಾರ್ಡಿಗೆ ಕೊಟ್ಟರು. ಮೈಸೂರು ಅರಮನೆಯಲ್ಲಿ ಹಾಡುತ್ತಿದ್ದರು. ಅವರ ಹೆಸರಾಂತ ಶಿಷ್ಯ ಧಾರವಾಡ ಜಿಲ್ಲೆಯ ಕುಂದಗೋಳದವರು, ಸವಾಯಿ ಗಂಧರ್ವರು.

ಅವರ ರೆಕಾರ್ಡುಗಳಲ್ಲಿ 'ಪಿಯಾ ಬಿನ್' ಎಂದು ಶುರುವಾಗುವ ಝಿಂಝೋಟಿ ರಾಗದ ಠುಮ್ರಿ ಎಲ್ಲಕ್ಕಿಂತ ಪ್ರಸಿದ್ಧ. ಪ್ರಿಯನಿಲ್ಲದೆ ನೆಮ್ಮದಿಯಿಲ್ಲ ಎಂಬುದೇ ಅದರ ಭಾವ. ವಿರಹವು ಠುಮ್ರಿಯ ಹಳೆಯ ವಸ್ತು, ಆದ್ದರಿಂದ ಇದನ್ನು ತಾರಾಬಾಯಿಗಾಗಿಯೇ ಹಾಡಿದರು ಎಂದು ಕಥೆ ಕಟ್ಟಬಾರದು. ಆದರೂ ಆ ದನಿ ಕೇಳಿದಾಗ ಅವರ ಮನೆಯ ನೆನಪು ಬಾರದೆ ಇರದು. ಅವರು ಕೂಗಿ ಹಾಡುವುದಿಲ್ಲ, ಅವಸರ ಮಾಡುವುದಿಲ್ಲ. ಒಂದೊಂದು ಸ್ವರದ ಮೇಲೂ ನಿಂತು ಮುಂದೆ ಹೋಗುತ್ತಾರೆ. ಗದಗದ ಹುಡುಗ ಭೀಮಸೇನ ಜೋಶಿ ಈ ರೆಕಾರ್ಡು ಕೇಳಿಯೇ ಸಂಗೀತದ ಹುಚ್ಚು ಹಿಡಿಸಿಕೊಂಡರು. ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೋಗಿ, ಕೊನೆಗೆ ಸವಾಯಿ ಗಂಧರ್ವರ ಬಳಿಯೇ ಕಲಿತರು.

1937ರ ಅಕ್ಟೋಬರಿನಲ್ಲಿ ಖಾನ್ ಸಾಹೇಬರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿಸಿ, ನಮಾಜ್ ಮಾಡಿ, ದರ್ಬಾರಿ ರಾಗದಲ್ಲಿ ಅಲ್ಲಾಹನನ್ನು ಸ್ಮರಿಸುತ್ತಾ ಪ್ರಾಣ ಬಿಟ್ಟರೆಂದು ಶಿಷ್ಯ ಪರಂಪರೆ ಹೇಳುತ್ತದೆ. ಅವರ ಕಬರು ಮಿರಜಿನ ಖ್ವಾಜಾ ಮೀರಾಸಾಹೇಬ ದರ್ಗಾದಲ್ಲಿದೆ. ಅಲ್ಲಿ ಉರುಸಿನ ಸಮಯದಲ್ಲಿ ಪ್ರತಿವರ್ಷ ಗಾಯಕರು ಬಂದು ಅವರ ನೆನಪಿನಲ್ಲಿ ಹಾಡುತ್ತಾರೆ.