ಹಿಂದೆ ನಿಂತು ಮುನ್ನಡೆಸಿದ ಪುಯೋಲ್

ಮಕ್ಕಳೇ, ಫುಟ್‌ಬಾಲ್ ಆಡುವ ನಿಮ್ಮಲ್ಲಿ ಹೆಚ್ಚಿನವರಿಗೆ ಮುಂದೆ ನಿಂತು ಗೋಲು ಹೊಡೆಯುವ ಆಸೆ. ಹಿಂದೆ ನಿಂತು ತಡೆಯುವವರ ಹೆಸರು ಸ್ಕೋರ್‌ಬೋರ್ಡಿನಲ್ಲಿ ಬರುವುದು ತೀರ ಅಪರೂಪ. ಆದರೂ ಅಂಥ ಒಬ್ಬ ಡಿಫೆಂಡರ್‌ನ ತೋಳಿಗೆ ಬಾರ್ಸಿಲೋನಾ ಕ್ಲಬ್ ಹತ್ತು ವರ್ಷ ನಾಯಕನ ಪಟ್ಟಿ ಕಟ್ಟಿತು. ಅವರು ಕಾರ್ಲೆಸ್ ಪುಯೋಲ್. ಮೈದಾನದಲ್ಲಿ ಎಷ್ಟು ದೂರದಿಂದ ನೋಡಿದರೂ ಹಾರಾಡುವ ಗುಂಗುರು ಕೂದಲಿನಿಂದಲೇ ಗುರುತು ಸಿಗುತ್ತಿತ್ತು.

ಅವರು ಹುಟ್ಟಿದ್ದು 1978ರಲ್ಲಿ, ಸ್ಪೇನಿನ ಕ್ಯಾಟಲೋನಿಯಾದ ಲಾ ಪೋಬ್ಲಾ ದೆ ಸೆಗೂರ್ ಎಂಬ ಚಿಕ್ಕ ಊರಿನಲ್ಲಿ. ಮೊದಲು ಗೋಲ್‌ಕೀಪರ್ ಆಗಿದ್ದ ಹುಡುಗ ಭುಜದ ತೊಂದರೆಯಿಂದ ಆ ಜಾಗ ಬಿಟ್ಟ. ಮುಂದೆ ಅವರ ಜೊತೆ ಆಡಿದ ಕ್ಸಾವಿ, ಇನಿಯೆಸ್ಟಾ ಅವರೆಲ್ಲ ಹನ್ನೊಂದು, ಹನ್ನೆರಡರ ವಯಸ್ಸಿಗೇ ಬಾರ್ಸಿಲೋನಾದ ಅಕಾಡೆಮಿ ಸೇರಿದವರು. ಪುಯೋಲ್ ಬಂದಾಗ ಹದಿನೇಳು. ಚೆಂಡಿನ ಕೈಚಳಕದಲ್ಲಿ, ಅಲ್ಲ, ಕಾಲ್ಚಳಕದಲ್ಲಿ ಅವರಿಗಿಂತ ಮೇಲಿನವರು ಅಲ್ಲಿ ಅನೇಕರಿದ್ದರು. ಪುಯೋಲ್ ಆ ಕೊರತೆಯನ್ನು ದುಡಿಮೆಯಿಂದ ತುಂಬಿಕೊಂಡರು. 1999ರಲ್ಲಿ ತರಬೇತುದಾರ ಲೂಯಿ ವಾನ್ ಹಾಲ್ ಅವರನ್ನು ಮುಖ್ಯ ತಂಡದಲ್ಲಿ ಆಡಿಸಿದರು.

ಮರುವರ್ಷ ತಂಡದ ತಾರೆ ಲೂಯಿಸ್ ಫಿಗೊ ಬಾರ್ಸಿಲೋನಾ ಬಿಟ್ಟು ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್ ಸೇರಿದರು. ಅವರು ಮೊದಲ ಸಲ ಹಳೆಯ ಮೈದಾನಕ್ಕೆ ಆಡಲು ಬಂದ ದಿನ ಇಡೀ ಕ್ರೀಡಾಂಗಣ ಸಿಟ್ಟಿನಿಂದ ಕುದಿಯುತ್ತಿತ್ತು. ಫಿಗೊ ಅವರನ್ನು ಕಾಯುವ ಕೆಲಸ ಪುಯೋಲ್ ಪಾಲಿಗೆ ಬಂತು. ಪಂದ್ಯ ಮುಗಿಯುವವರೆಗೂ ಅವರು ಫಿಗೊ ಬೆನ್ನು ಬಿಡಲಿಲ್ಲ. ಬಾರ್ಸಿಲೋನಾ 2-0ರಿಂದ ಗೆದ್ದಿತು.

ಅಪರೂಪಕ್ಕಷ್ಟೇ ಗೋಲು ಹೊಡೆಯುತ್ತಿದ್ದ ಈ ಆಟಗಾರನ ಅತಿ ದೊಡ್ಡ ಕ್ಷಣ ಒಂದು ಗೋಲೇ ಎಂಬುದು ನನಗೆ ಬಹಳ ಇಷ್ಟ. 2010ರ ವಿಶ್ವಕಪ್ ಸೆಮಿಫೈನಲ್, ದಕ್ಷಿಣ ಆಫ್ರಿಕಾದ ಡರ್ಬನ್, ಎದುರಿಗೆ ಜರ್ಮನಿ. 73ನೇ ನಿಮಿಷದಲ್ಲಿ ಕ್ಸಾವಿ ಕಾರ್ನರ್‌ನಿಂದ ಚೆಂಡು ಎತ್ತಿದರು. ವಿಡಿಯೊ ಸಿಕ್ಕರೆ ಚೆಂಡನ್ನು ಬಿಟ್ಟು ಪುಯೋಲ್ ಅವರನ್ನೇ ನೋಡಿ: ಪೆನಾಲ್ಟಿ ಚೌಕದ ಅಂಚಿನ ಹತ್ತಿರದಿಂದ ಓಡಿಬರುತ್ತಾರೆ. ಗೋಲಿನ ಮುಂದೆ ನಿಂತಲ್ಲೇ ನೆಗೆಯುವವನಿಗಿಂತ ಓಡಿಬಂದು ನೆಗೆಯುವವನಿಗೆ ಹೆಚ್ಚು ಎತ್ತರ ಸಿಗುತ್ತದೆ. ಪುಯೋಲ್ ಎತ್ತರ 1.78 ಮೀಟರ್ ಮಾತ್ರ; ಅವರಿಗಿಂತ ಎತ್ತರದ ಜರ್ಮನ್ನರು ನೋಡನೋಡುತ್ತಿದ್ದಂತೆ ತಲೆಯಿಂದ ಗುದ್ದಿದ ಚೆಂಡು ಬಲೆಯಲ್ಲಿತ್ತು. ಸ್ಪೇನ್ 1-0ರಿಂದ ಗೆದ್ದು ಮೊದಲ ಬಾರಿಗೆ ವಿಶ್ವಕಪ್ ಫೈನಲ್ ತಲುಪಿತು. ನಾಲ್ಕು ದಿನಗಳ ನಂತರ ನೆದರ್‌ಲೆಂಡ್ಸ್ ತಂಡವನ್ನು ಸೋಲಿಸಿ ಕಪ್ಪನ್ನೂ ಎತ್ತಿತು. ದೇಶಕ್ಕಾಗಿ ಆಡಿದ ನೂರು ಪಂದ್ಯಗಳಲ್ಲಿ ಅವರು ಹೊಡೆದದ್ದು ಮೂರೇ ಗೋಲು. ಅದರಲ್ಲಿ ಇದೊಂದು.

ನಾಯಕನಾಗಿ ಅವರು ಎಂಥವರು? 2012ರಲ್ಲಿ ರಾಯೊ ವಯೆಕಾನೊ ತಂಡದ ವಿರುದ್ಧ ಬಾರ್ಸಿಲೋನಾ 7-0ರಿಂದ ಗೆದ್ದ ಪಂದ್ಯದಲ್ಲಿ ಥಿಯಾಗೊ ಮತ್ತು ಡಾನಿ ಆಲ್ವೆಸ್ ಗೋಲು ಹೊಡೆದ ಖುಷಿಗೆ ಕುಣಿಯತೊಡಗಿದರು. ಪುಯೋಲ್ ನಡುವೆ ನುಗ್ಗಿ ನಿಲ್ಲಿಸಿಬಿಟ್ಟರು. ಸೋಲುತ್ತಿರುವವರ ಕಣ್ಣೆದುರು ಹಾಗೆ ಕುಣಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಅದಕ್ಕೂ ಹಿಂದಿನ ವರ್ಷ, ಲಂಡನ್ನಿನ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3-1ರಿಂದ ಮಣಿಸಿತು. ಕಪ್ಪನ್ನು ಮೊದಲು ಎತ್ತುವುದು ನಾಯಕನ ಹಕ್ಕು. ಆದರೆ ತಂಡದ ಎರಿಕ್ ಅಬಿದಾಲ್ ಆ ಮಾರ್ಚಿನಲ್ಲಷ್ಟೇ ಯಕೃತ್ತಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೇ ತಿಂಗಳ ಆ ಫೈನಲ್ ಪೂರ್ತಿ ಆಡಿದ್ದರು. ಪುಯೋಲ್ ನಾಯಕನ ಪಟ್ಟಿಯನ್ನು ಅಬಿದಾಲ್‌ಗೆ ಕೊಟ್ಟು, ಕಪ್ ಎತ್ತಲು ಅವರನ್ನೇ ಮುಂದೆ ಬಿಟ್ಟರು.

ಮೂರು ಚಾಂಪಿಯನ್ಸ್ ಲೀಗ್, ಆರು ಸ್ಪೇನ್ ಲೀಗ್, 2008ರ ಯೂರೋ ಕಪ್ ಎಲ್ಲ ಅವರ ಪಾಲಿಗಿವೆ. ಹಿರಿಯರ ಮಟ್ಟದಲ್ಲಿ ಕಡೆಯವರೆಗೂ ಒಂದೇ ಕ್ಲಬ್ಬಿಗೆ ಆಡಿದರು. ಮಂಡಿ ಮತ್ತೆ ಮತ್ತೆ ಕೈಕೊಟ್ಟಾಗ, 593 ಪಂದ್ಯಗಳ ಬಳಿಕ, 2014ರಲ್ಲಿ ಬಾರ್ಸಿಲೋನಾಗೆ ವಿದಾಯ ಹೇಳಿದರು.